ಎಲುಬೆತ್ತಿದ ಕೈಗೆ ಬಳೆ ತೊಡಿಸಿದವಳು

ಅವಳ ಬೆರಳ ತುದಿಗಳಲ್ಲೆಲ್ಲ ಗಾಜು ಕೊರೆದ ಸಣ್ಣ ಸಣ್ಣ ಗೆರೆಗಳಿದ್ದವು. ಮುಂಗೈ ಮಾತ್ರ ಬರಿದು. ಗಂಡ ತೀರಿಕೊಂಡ ಮೇಲೆ ಅವನ ಬಳೆಬುಟ್ಟಿಯನ್ನು ತಾನೇ ತಲೆಯ ಮೇಲೆ ಹೊತ್ತು ಬಸವಕಲ್ಯಾಣದ ನಮ್ಮ ಓಣಿಗೆ ಬರುತ್ತಿದ್ದಳು. ಬಳೆ ಇಡಿಸುವ ಚಿಕ್ಕಮ್ಮ; ನಮಗೆಲ್ಲ ಅವಳು ಬಳಿ ಕಾಕು.

ನನ್ನ ಮೊಮ್ಮಗಳದು ಬಿಗಿ ಕೈ. ಬಳೆ ಇಡಿಸಿಕೊಳ್ಳಲು ಕೂತರೆ ಮುಷ್ಟಿ ಬಿಚ್ಚುತ್ತಿರಲಿಲ್ಲ. ಕಾಕು ಆ ಕೈಯನ್ನು ಹಿಟ್ಟು ನಾದಿದಂತೆ ಮೆಲ್ಲಗೆ ಒತ್ತುತ್ತ, “ಕೈ ಸಡಲ ಬಿಡವ್ವ. ಅವಸರಾ ಮಾಡಿದ್ರ ಗಾಜಿಗಿ ಸಿಟ್ ಬರ್ತದ,” ಅನ್ನುವಳು. ಒಂದು ಬಳೆಯೂ ಒಡೆಯುತ್ತಿರಲಿಲ್ಲ.

ಆ ಹುಡುಗಿ ಹುಮನಾಬಾದಿನಲ್ಲಿ ಕಾಲೇಜು ಮುಗಿಸಿ, ಮುಂದೆ ಕಲ್ಲುಬಂಡೆಗಳ ವಿದ್ಯೆ ಓದಿದಳು. ಗೋದಾವರಿ ಕಡೆಯ ಕೆಂಪು ಬಂಡೆಗಳಲ್ಲಿ ಡೈನೋಸಾರ್ ಎಲುಬು ಹುಡುಕುವವರು ಅವಳನ್ನು ಕರೆದರು. ಅವಳಪ್ಪ, ಅಂದರೆ ನನ್ನ ಮಗ, ಒಪ್ಪಲಿಲ್ಲ.

“ಎಲುಬು ಮುಟ್ಟೋ ಹುಡುಗೀನ ನೋಡಾಕ ಯಾರ್ ಬರ್ತಾರ?”

ಹುಡುಗಿ ರೊಟ್ಟಿ ಮುಟ್ಟದೆ ಕೂತಳು. ಸುದ್ದಿ ತಿಳಿದ ಕಾಕು ಅಂಗಳದಲ್ಲಿ ಬುಟ್ಟಿ ಇಳಿಸಿ, ನನ್ನ ಮಗನ ಮುಂದೆ ಎರಡೂ ಕೈ ಚಾಚಿದಳು.

“ನೋಡಪಾ, ಗಂಡ ಸತ್ತಾಕಿ ಕೈ ಇವು. ನಿನ್ನ ಮದಿವ್ಯಾಗ ನಿನ್ನ ಹೆಂಡ್ತಿಗಿ ಬಳಿ ಇಡಿಸಿದ್ದು ಇವೇ. ನಿನಗೇನರ ಆಗ್ಯಾದ?”

“ಏನಿಲ್ಲ, ಕಾಕು…”

“ಆಗ್ಯಾದ. ಹೊಟ್ಟಿ ಬಂದದ! ಎಲುಬು ಮುಟ್ಟಿದ್ರ ಅಕಿಗೂ ಏನಾಗಂಗಿಲ್ಲ. ಕಳಸು.”

ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಮಗನಿಗೂ ನಗು ತಡೆಯಲಾಗಲಿಲ್ಲ. ತಾನೇ ಬ್ಯಾಗು ಹೊತ್ತು, ಮಗಳನ್ನು ಬಸ್ಸು ಹತ್ತಿಸಿ ಬಂದ.

ಮೊನ್ನೆ ಅವಳು ಫೋನಿನಲ್ಲಿ ಕೂಗಿದಳು: “ಆಯಿ, ಸಿಕ್ತು! ಡೈನೋಸಾರ್ ಬೆನ್ನೆಲುಬು! ನಮ್ಮೂರ ಕರಿಕಲ್ಲು ಹುಟ್ಟೋಕಿಂತ ಎಷ್ಟೋ ಮೊದಲಿಂದು. ಆ ಕಾಲಕ್ಕ ಟ್ರಯಾಸಿಕ್ ಅಂತಾರ.”

ಒರಟಾಗಿ ಮುಟ್ಟಿದರೆ ಪುಡಿಯಾಗುವ ಎಲುಬಂತೆ. ಸೂಜಿ, ಬ್ರಷ್ಷು ಹಿಡಿದು ಸುತ್ತಲಿನ ಕಲ್ಲು ಬಿಡಿಸಿ, ಒಂದು ಚೂರೂ ಮುಕ್ಕಾಗದಂತೆ ಎತ್ತಿದಳಂತೆ ನನ್ನ ಬಂಗಾರ!

“ಹ್ಯಾಂಗ ಎತ್ತಿದಿ ನನ್ನವ್ವ?”

“ಕೈ ಸಡಲ ಬಿಟ್ಟು, ಆಯಿ.”

ನಾನು ಶಾಲೆಯ ಮೆಟ್ಟಿಲು ಹತ್ತಿ ಅಲ್ಲೇ ಇಳಿದವಳು. ಟ್ರಯಾಸಿಕ್ ಅನ್ನಲು ಮೊದಲು ನಾಲಿಗೆ ಹೊರಳಲಿಲ್ಲ. ಓಣಿಗೆಲ್ಲ ಹೇಳಿ ಹೇಳಿ ಈಗ ಸಲೀಸಾಗಿದೆ. ಹೇಳದೆ ಉಳಿದದ್ದು ಕಾಕು ಒಬ್ಬಳಿಗೇ. ಹೋದ ಮಳೆಗಾಲದಲ್ಲಿ ಅವಳು ತೀರಿಕೊಂಡಳು.

ಎಲುಬಿನ ಪಕ್ಕ ಮೊಮ್ಮಗಳು ಕೂತ ಫೋಟೊ ನೋಡಿ ನೆರೆಮನೆಯವಳು ಮೂತಿ ತಿರುವಿದಳು: “ಅಯ್ಯ, ಹುಡುಗಿ ಕೈಯಾಗ ಒಂದ್ ಬಳೀನೂ ಇಲ್ಲಲ್ಲ!”

ಕೆಲಸಕ್ಕೆಂದು ತೆಗೆದಿಟ್ಟಿದ್ದಾಳೆ.

“ಇರಲಿ ಬಿಡವಾ,” ಅಂದೆ. “ಈ ಓಣಿಗೆಲ್ಲ ಬಳಿ ಇಡಿಸಿದ್ದೂ ಬರಿಗೈನೇ.”