ನೂರ ಐದು ಪರ್ಸೆಂಟಿನ ಎಂಜಿನ್

ಮಗ ಮೆಕ್ಯಾನಿಕಲ್ ಎಂಜಿನಿಯರಿಂಗಿನಲ್ಲಿ ಥರ್ಮೊಡೈನಮಿಕ್ಸ್ ಓದಲು ಶುರುಮಾಡಿದ ಮೇಲೆ ಮನೆಯವರಿಗೆ ಫ್ರಿಜ್ಜಿನ ಬಾಗಿಲು ತೆಗೆಯುವುದಕ್ಕೂ ಹೆದರಿಕೆಯಾಗತೊಡಗಿತು. ತೆಗೆದರೆ ಸಾಕು, ಬೆನ್ನ ಹಿಂದೆ ಉಪನ್ಯಾಸ. ಶಾಖ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ, ಯಾಕೆ ಹರಿಯುತ್ತದೆ ಎಂಬುದನ್ನೆಲ್ಲ ತಾಯಿ ಹಾಲಿನ ಪಾತ್ರೆ ಹಿಡಿದು ನಿಂತೇ ಕೇಳಬೇಕು. ಬಸ್ ಕಂಡಕ್ಟರಾದ ತಂದೆಯಂತೂ ಸ್ನಾನದ ನೀರು ಆರಿದೆ ಎಂದು ಬಾಯಿತಪ್ಪಿಯೂ ಹೇಳುತ್ತಿರಲಿಲ್ಲ. ಅದು ಯಾಕೆ ಆರಿತೆಂದು ಮಗ ವಿವರಿಸಿ ಮುಗಿಸುವಷ್ಟರಲ್ಲಿ ಉಳಿದಷ್ಟೂ ಆರಿಹೋಗುತ್ತಿತ್ತು.

ಕಾಲೇಜಿನಲ್ಲಿ ಮಾತ್ರ ಈ ಮಹಾಶಯನ ಬಾಯಿಗೆ ಬೀಗ. ಮೇಷ್ಟ್ರು ತನ್ನ ಕಡೆ ನೋಡಿದರೆ ಸಾಕು, ಕಿವಿಗಳೆರಡೂ ಕೆಂಪಗೆ ಕಾದುಬಿಡುತ್ತಿದ್ದವು. ಅದಕ್ಕೇ ಜೊತೆಯವರು ಅವನನ್ನು ಬಾಯ್ಲರ್ ಎಂದು ಕರೆಯುತ್ತಿದ್ದರು.

ಆ ಸಲ ಮೇಷ್ಟ್ರು ಗ್ಯಾಸ್ ಟರ್ಬೈನಿನ ಒಂದು ಲೆಕ್ಕ ಕೊಟ್ಟರು. ಯಂತ್ರಕ್ಕೆ ಕೊಟ್ಟ ಶಾಖದಲ್ಲಿ ಎಷ್ಟು ಭಾಗ ಕೆಲಸವಾಗಿ ಕೈಗೆ ಸಿಗುತ್ತದೆ ಎಂದು ಹೇಳಬೇಕು. ಇಂಥದ್ದನ್ನು ಮೊದಲ ಬೆಂಚಿನ ಜಾಣೆ ಮಾಡುತ್ತಿದ್ದಳು, ಉಳಿದವರು ಇಳಿಸಿಕೊಳ್ಳುತ್ತಿದ್ದರು. ಜಾಣೆಗೂ ತಲೆ ಕೆಡಿಸಿಕೊಳ್ಳುವ ಅಗತ್ಯವಿರಲಿಲ್ಲ. ಮೇಷ್ಟ್ರು ವರ್ಷವರ್ಷವೂ ಅದೇ ಲೆಕ್ಕ ಕೊಡುತ್ತಿದ್ದುದರಿಂದ ಅವರ ಉತ್ತರವೇ ಸೀನಿಯರ್‌ಗಳಿಂದ ಅವಳಿಗೆ ಬಂದಿತ್ತು. ಆದರೆ ಬಾಯ್ಲರ್ ಹಿಂದಿನ ವಾರವಷ್ಟೇ ಅವಳ ಡ್ರಾಯಿಂಗ್ ಶೀಟಿನ ಮೇಲೆ ಟೀ ಚೆಲ್ಲಿದ್ದ. ಅವಳು ಕೊಡಲಿಲ್ಲ. ಬೇರೆ ಗತಿಯಿಲ್ಲದೆ ತಾನೇ ಮಾಡಿದ.

ಉತ್ತರ ನಲವತ್ತೈದು ಪರ್ಸೆಂಟ್ ಬಂತು. ಮತ್ತೊಮ್ಮೆ ಮಾಡಿದರೂ ಅಷ್ಟೇ ಬಂತು. ಮರುದಿನ ಕಾರಿಡಾರಿನಲ್ಲಿ ನೋಡಿದರೆ ತರಗತಿಗೆ ತರಗತಿಯೇ ನೂರ ಐದು ಬರೆದುಕೊಂಡು ಕೂತಿತ್ತು. ಟರ್ಬೈನ್ ತಾನು ಮಾಡಿದ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಗಾಳಿ ಒತ್ತುವ ತನ್ನದೇ ಕಂಪ್ರೆಸರ್ ತಿರುಗಿಸಲು ಕೊಡಬೇಕು. ಅದನ್ನು ಕಳೆಯಲು ಮೇಷ್ಟ್ರು ಯಾವುದೋ ಕಾಲದಲ್ಲಿ ಮರೆತಿದ್ದರು. ಆಮೇಲೆ ಬಂದವರೆಲ್ಲ ಭಕ್ತಿಯಿಂದ ಮರೆಯುತ್ತ ಬಂದಿದ್ದರು. ಕೊಟ್ಟದ್ದಕ್ಕಿಂತ ಹೆಚ್ಚು ವಾಪಸು ಕೊಡುವ ಎಂಜಿನ್ ಈ ಲೋಕದಲ್ಲಿಲ್ಲ ಎಂಬುದು ಫ್ರಿಜ್ಜಿನ ಮುಂದೆ ಅವನೇ ಎಷ್ಟೋ ಸಲ ಒದರಿದ್ದ ಮಾತು. ಆದರೂ ಇಡೀ ತರಗತಿ ಒಂದು ಕಡೆ, ತಾನೊಬ್ಬ ಇನ್ನೊಂದು ಕಡೆ ಎನ್ನಿಸಿದ್ದೇ ತಡ, ಕಿವಿ ಕಾಯತೊಡಗಿತು. ಹೊಸ ಹಾಳೆ ತೆಗೆದು, ಆ ಕಳೆಯುವ ಸಾಲೊಂದನ್ನು ಬಿಟ್ಟು, ಮುತ್ತಿನಂಥ ಅಕ್ಷರದಲ್ಲಿ ನೂರ ಐದು ಎಂದು ಬರೆದುಕೊಟ್ಟ. ಮೇಷ್ಟ್ರು ಎಲ್ಲರಿಗೂ ಪೂರ್ತಿ ಅಂಕ ಕೊಟ್ಟರು.

ವೈವಾ ಎಂಬ ಬಾಯಿಪರೀಕ್ಷೆಗೆ ಹೊರಗಿನಿಂದ ಒಬ್ಬ ಪರೀಕ್ಷಕಿ ಬಂದರು. ಕಾರ್ಖಾನೆಯಲ್ಲಿ ಬಹುಕಾಲ ಡಿಸೈನ್ ವಿಭಾಗ ನೋಡಿಕೊಂಡಿದ್ದವರು, ಮಾತು ಮೆತ್ತಗೆ. ಫೈಲುಗಳನ್ನು ಒಂದೊಂದಾಗಿ ತಿರುವಿ, ಈ ಎಂಜಿನ್ ಎಲ್ಲಿ ಸಿಗುತ್ತದೆ, ನಮ್ಮ ಕಾರ್ಖಾನೆಗೂ ಒಂದು ಬೇಕಿತ್ತು ಎಂದು ಕೇಳಿದರು. ಜಾಣೆ ಸಾಲು ಹಿಡಿದು ನಿಂತವರನ್ನು ನೋಡಿದಳು. ನಿಂತವರು ನೆಲ ನೋಡಿದರು. ಪಕ್ಕದ ಕುರ್ಚಿಯಲ್ಲಿದ್ದ ಮೇಷ್ಟ್ರು ಫ್ಯಾನ್ ನೋಡಿದರು.

ಅವರನ್ನೆಲ್ಲ ಕಂಡು ಬಾಯ್ಲರನಿಗೆ ಧೈರ್ಯ ಬಂತು. ಆತ್ಮಸಾಕ್ಷಿ ಎದ್ದಿತೆಂದು ಯಾರೂ ತಪ್ಪು ತಿಳಿಯಬಾರದು. ಎದ್ದದ್ದು ಜಂಬ.

"ನನಗೆ ಮೊದಲು ನಲವತ್ತೈದೇ ಬಂದಿತ್ತು ಮೇಡಂ," ಎಂದ.

"ಮತ್ತೆ ಯಾಕಪ್ಪ ಬದಲಾಯಿಸ್ದೆ?"

"ಎಲ್ರದ್ದೂ ನೂರ ಐದು ಇತ್ತು."

ಆಕೆ ಶಹಭಾಸ್ ಎನ್ನುತ್ತಾರೆಂದು ಅವನು ಕಾದ. ಆಕೆ ಅದೇ ಫೈಲಿನಲ್ಲಿದ್ದ ಅವನ ಡಿಸೈನ್ ಕೋರ್ಸಿನ ಶೀಟು ಬಿಡಿಸಿದರು. ಅದು ಕ್ರೇನಿನ ಕೊಕ್ಕೆಯ ನಕ್ಷೆ.

"ಈ ಕೊಕ್ಕೆ ಮುರಿಯುತ್ತೆ ಅಂತ ನಿನ್ನ ಲೆಕ್ಕ ಹೇಳುತ್ತೆ, ಮುರಿಯಲ್ಲ ಅಂತ ಪಕ್ಕದವರು ಹೇಳ್ತಾರೆ ಅಂದ್ಕೋ. ಕೆಳಗೆ ಜನ ನಿಂತಿದ್ದಾರೆ. ಆಗೇನು ಮಾಡ್ತೀಯಾ?"

ಅವನು ಪಕ್ಕದವರ ಕಡೆ ತಿರುಗಿ ನೋಡಿದ. ಉಳಿದವರು ಗೊತ್ತಿಲ್ಲದೆ ತಪ್ಪಿದವರೆಂದು ಪಾಸಾದರು. ಗೊತ್ತಿದ್ದೂ ತಪ್ಪಿದವನೊಬ್ಬನೇ ಫೇಲಾದ. ಅನ್ಯಾಯ, ಅನ್ಯಾಯ ಎಂದು ದಾರಿಯುದ್ದಕ್ಕೂ ಗೊಣಗಿದ. ಮನೆಗೆ ಬಂದು ಯಾರಿಗೂ ಉಪನ್ಯಾಸ ಕೊಡದೆ ಮಲಗಿದ. ಜ್ವರ ಬಂದಿದೆಯೇನೋ ಎಂದು ತಾಯಿ ಹಣೆ ಮುಟ್ಟಿ ನೋಡಿದಳು.

ಮರುವರ್ಷ ಜೂನಿಯರ್‌ಗಳ ಜೊತೆ ಅದೇ ಪೇಪರು, ಅದೇ ಮೇಷ್ಟ್ರು, ಅದೇ ಲೆಕ್ಕ. ಉತ್ತರ ಮಾತ್ರ ಸದ್ದಿಲ್ಲದೆ ನಲವತ್ತೈದಾಗಿತ್ತು. "ಹೋದ ವರ್ಷ ಒಬ್ಬ ಪುಣ್ಯಾತ್ಮ ಕಂಪ್ರೆಸರನ್ನೇ ಮರೆತಿದ್ದ," ಎಂದು ಮೇಷ್ಟ್ರು ನಕ್ಕರು. ಜೂನಿಯರ್‌ಗಳೂ ನಕ್ಕರು. ಆ ಪುಣ್ಯಾತ್ಮ ಕೊನೆಯ ಬೆಂಚಿನಲ್ಲಿ ಹಲ್ಲು ಕಚ್ಚಿಕೊಂಡು ಕೂತಿದ್ದ.

ವರ್ಷದ ಕೊನೆಯಲ್ಲಿ ಗೇರ್‌ಬಾಕ್ಸಿನ ಡಿಸೈನ್ ಬಂತು. ಒಳಗೆ ತಿರುಗುವ ಶಾಫ್ಟ್ ಎಷ್ಟು ದಪ್ಪವಿರಬೇಕೆಂಬುದರಲ್ಲಿ ಅವನ ಉತ್ತರಕ್ಕೂ ಉಳಿದವರದಕ್ಕೂ ತಾಳೆಯಾಗಲಿಲ್ಲ. ಮೊದಲಿನಿಂದ ಮತ್ತೆ ಮಾಡಿದ. ಬಂದದ್ದು ಮೊದಲಿನದೇ. ಬರುವುದು ಬರಲಿ ಎಂದು ಅದನ್ನೇ ಕೊಟ್ಟ.

ಈ ಸಲ ತಪ್ಪಿದ್ದವನು ಅವನೇ. ಬಂದ ವ್ಯಾಸವನ್ನೇ ತ್ರಿಜ್ಯವೆಂದು ಹಿಡಿದು, ತೋಳಿನಷ್ಟು ಇರಬೇಕಾದ ಶಾಫ್ಟನ್ನು ತೊಡೆಯಷ್ಟು ದಪ್ಪ ಮಾಡಿಬಿಟ್ಟಿದ್ದ. ಮೇಷ್ಟ್ರು ಅರ್ಧ ಅಂಕ ಹೊಡೆದುಹಾಕಿದರು. ಬಾಯ್ಲರ್ ಶೀಟನ್ನು ಕಿಟಕಿಯ ಬೆಳಕಿಗೆ ಹರಡಿ, ಎಲ್ಲಿ ಎಡವಿದೆನೆಂದು ಬೆರಳಿಟ್ಟು ಹುಡುಕಿ, ಸಿಕ್ಕಿದ ಮೇಲೆ ತನಗೆ ತಾನೇ ಒಂದು ಬೈಗುಳ ಬೈದುಕೊಂಡು ರಬ್ಬರ್ ಕೈಗೆತ್ತಿಕೊಂಡ.