ಕಮಾನಿನ ಕೆಳಗೆ ಕೂತ ಇಬ್ಬರು

ಒನೊರೀನಾ ಮೊದಲ ಸಲ ಕಲ್ಲಿನ ಅಂಗಳಕ್ಕೆ ಬಂದದ್ದು ದಾರಿ ತಪ್ಪಿ. ಅದು ನವೆಂಬರಿನ ಒಂದು ಸೋಮವಾರ, ಬೆಳಿಗ್ಗೆ ಏಳೂಕಾಲು. ಬೆಟ್ಟದ ಕಡೆಯಿಂದ ಜಿನೋವಾದ ಬಂದರಿನತ್ತ ಗಾಳಿ ಕೊರೆಯುವಂತೆ ಬೀಸುತ್ತಿತ್ತು. ಆಂಪೇಲಿಯೊ ಮರದ ತೊಟ್ಟಿಯ ಮುಂದೆ ಬಾಗಿ ನಿಂತು, ಅದರಲ್ಲಿ ಮಲಗಿಸಿದ ಹಾಸುಗಲ್ಲಿನ ಮೇಲೆ ಮರಳು ಚೆಲ್ಲಿ, ಹಿಡಿಯಿದ್ದ ಕಬ್ಬಿಣದ ಚಕ್ರವನ್ನು ತಿರುಗಿಸಿ ತಿಕ್ಕುತ್ತಿದ್ದ. ಬಾಗಿಲು ಕಿರುಗುಟ್ಟಿತು. ಕಂದು ಶಾಲು ಹೊದ್ದ ಹೆಂಗಸೊಬ್ಬಳು ಒಳಗೆ ಬಂದಳು. ಕೈಯಲ್ಲಿ ಊಟದ ಗಂಟು, ಕಾಲಲ್ಲಿ ಮರದ ಅಟ್ಟೆಯ ಪಾದರಕ್ಷೆ. ಎರಡು ಹೆಜ್ಜೆ ಇಡುವಷ್ಟರಲ್ಲಿ ಬೂದುಬಣ್ಣದ ಕೆಸರಿನಲ್ಲಿ ಜಾರಿ, ಪಕ್ಕದಲ್ಲಿ ಒಣಗಲು ಇಟ್ಟಿದ್ದ ಕಲ್ಲಿನ ಮೇಲೆ ಅಂಗೈ ಊರಿ ಹೇಗೋ ನಿಂತುಕೊಂಡಳು.

"ಅಲ್ಲಿ ಕೈ ಇಡಬೇಡಿ!" ಎಂದು ಆಂಪೇಲಿಯೊ ಕೂಗಿದ.

"ಕೈ ಇಡದೆ ಬಿದ್ದು ಸೊಂಟ ಮುರ್ಕೊಂಡಿದ್ರೆ ನಿಮಗೆ ಸಮಾಧಾನ ಆಗ್ತಿತ್ತಾ?"

"ಹಾಗಲ್ಲ... ಅದು ಈಗತಾನೆ ತಿಕ್ಕಿದ ಕಲ್ಲು. ಬೆರಳಿನ ಜಿಡ್ಡು ಸೋಕಿದ್ರೂ ಅಚ್ಚಲ್ಲಿ ಮೂಡತ್ತೆ."

ಅವಳು ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. "ಹಾಗಾದ್ರೆ ಇನ್ಮೇಲೆ ಟೊಮೇಟೊ ಡಬ್ಬಿ ಚೀಟಿ ಮೇಲೆಲ್ಲ ನನ್ನ ಕೈಯೇ ಬರತ್ತೆ ಅನ್ನಿ. ನಾನು ಯಂತ್ರಕ್ಕೆ ಕಾಗದ ಕೊಡೋ ಕೆಲಸಕ್ಕೆ ಬಂದವಳು. ಯಾವ ಬಾಗಿಲು?"

ಅವನು ತೋರಿಸಿದ. ಅವಳು ಹೋದ ಮೇಲೆ ಆ ಕಲ್ಲನ್ನು ಮತ್ತೆ ತೊಟ್ಟಿಗೆ ಎಳೆದು, ಅರ್ಧ ಗಂಟೆ ಹೆಚ್ಚಿಗೆ ತಿಕ್ಕಿದ.

ಅದು ಕಲ್ಲಚ್ಚಿನ ಕಾರ್ಖಾನೆ. ಕಲಾವಿದರು ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆಯುತ್ತಿದ್ದರು, ಯಂತ್ರ ಅದನ್ನು ಕಾಗದಕ್ಕೆ ಒತ್ತುತ್ತಿತ್ತು, ಕೆಲಸ ಮುಗಿದ ಕಲ್ಲು ಆಂಪೇಲಿಯೊನ ಅಂಗಳಕ್ಕೆ ಬರುತ್ತಿತ್ತು. ಇದ್ದ ಚಿತ್ರವನ್ನು ಅಳಿಸಿ ಮುಂದಿನ ಚಿತ್ರಕ್ಕೆ ಕಲ್ಲನ್ನು ನುಣುಪು ಮಾಡಿ ಕೊಡುವುದು ಅವನ ಕೆಲಸ. ಆ ವರ್ಷಗಳಲ್ಲಿ ಇಂಗ್ಲಿಷರನ್ನೂ ಜರ್ಮನರನ್ನೂ ಇಟಲಿಗೆ ಕರೆಯುವ ಪ್ರವಾಸದ ಪೋಸ್ಟರುಗಳಿಗೆ ಬಿಡುವಿರಲಿಲ್ಲ. ರೋಮಿನ ಕೊಲೋಸಿಯಂ, ಟ್ರೇಜನ್ ದೊರೆಯ ಕಂಬ, ವೆರೋನಾದ ಅಖಾಡ, ಎಲ್ಲ ಅವನ ಕೈಕೆಳಗೆ ಹಾದು ಹೋಗಿದ್ದವು. "ರೋಮಿನೋರು ನೂರು ವರ್ಷ ಕಟ್ಟಿದ್ದನ್ನ ನಮ್ಮ ಆಂಪೇಲಿಯೊ ಊಟದ ಹೊತ್ತಿಗೆ ನೆಲಸಮ ಮಾಡ್ತಾನೆ" ಎಂದು ಯಂತ್ರದವರು ನಗುತ್ತಿದ್ದರು. ಅವನು ರೋಮ್ ನೋಡಿರಲಿಲ್ಲ. ಇಪ್ಪತ್ತನೇ ವಯಸ್ಸಿಗೆ ಹಲಗೆಗಲ್ಲಿನ ಗಣಿಯ ಹಳ್ಳಿಯಿಂದ ಇಳಿದು ಬಂದವನಿಗೆ ಆಗ ನಲವತ್ತೊಂದು. ನಾಲ್ಕನೇ ಮಹಡಿಯ ಬಾಡಿಗೆ ಕೋಣೆ, ಭಾನುವಾರ ಬಂದರಿನ ಕಟ್ಟೆಯ ಮೇಲೆ ಒಂದು ಸುತ್ತು, ಅಂಗಡಿಯಲ್ಲಿ ಒಂದು ತುಂಡು ಬಿಸಿ ಕಡಲೆಹಿಟ್ಟಿನ ರೊಟ್ಟಿ. ಹಳ್ಳಿಯಲ್ಲಿ ಅಮ್ಮ ತೀರಿಕೊಂಡ ಮೇಲೆ ಅವನಿಗೆ ಕಾಗದ ಬರೆಯುವವರೂ ಇರಲಿಲ್ಲ.

ಫೆಬ್ರವರಿಯ ಒಂದು ಮಧ್ಯಾಹ್ನ, ಚಿತ್ರ ಬರೆಯುವ ಎವಾಸಿಯೊ ಹಾಳೆಯ ಕಟ್ಟು ಹಿಡಿದು ಅಂಗಳಕ್ಕೆ ಬಂದರು. ಒನೊರೀನಾ ಅಲ್ಲೇ ಬಿಸಿಲಿಗೆ ನಿಂತು ರೊಟ್ಟಿ ತಿನ್ನುತ್ತಿದ್ದಳು.

"ಬಾಮ್ಮ ಇಲ್ಲಿ, ಆಂಪೇಲಿಯೊ ನೀನೂ ಬಾ. ಆ ಪೆಟ್ಟಿಗೆ ಮೇಲೆ ಕೂತ್ಕೊಳ್ಳಿ."

"ಯಾಕೆ ಮೇಷ್ಟ್ರೇ?" ಎಂದಳು ಅವಳು.

"ರೋಮಿನ ಹೊರಗಿನ ಹಳೇ ನೀರುಕಾಲುವೆ ಬರೀತಿದೀನಿ. ಆಕಾಶ ಮುಟ್ಟೋ ಕಮಾನುಗಳು. ಕೆಳಗೆ ಮನುಷ್ಯರಿಲ್ದೆ ಇದ್ರೆ ಅದು ಎಷ್ಟೆತ್ತರ ಅಂತ ಲಂಡನ್ನಿನವನಿಗೆ ಹೇಗೆ ಗೊತ್ತಾಗಬೇಕು? ನೀವಿಬ್ರೂ ಅಳತೆ."

"ಅಳತೆಗೆ ನಾನೊಬ್ಬಳು ಸಾಲಲ್ವಾ? ಇವರ ಜೊತೆ ಕೂತ್ರೆ ನನ್ನ ಸ್ಕರ್ಟೆಲ್ಲ ಮರಳು."

"ಕೂತ್ಕೋಮ್ಮ, ರೊಟ್ಟಿ ತಿಂತಾ ಇರು. ಹತ್ತಿರ, ಇನ್ನೂ ಹತ್ತಿರ. ಆಂಪೇಲಿಯೊ, ಏನೋ ಅದು, ಹಲ್ಲಿನ ಡಾಕ್ಟ್ರ ಮುಂದೆ ಕೂತ ಹಾಗೆ ಕೂತಿದೀಯಲ್ಲ!"

ಒನೊರೀನಾ ನಕ್ಕಳು. ರೊಟ್ಟಿಯಲ್ಲಿ ಅರ್ಧ ಮುರಿದು ಅವನ ಕೈಗಿಟ್ಟಳು. ಅವನು ತಿನ್ನದೆ ಹಿಡಿದುಕೊಂಡೇ ಕೂತ. ಶಾಲಿನ ಅಂಚು ಅವನ ತೋಳಿಗೆ ತಾಗುತ್ತಿತ್ತು. ಹದಿನೈದು ನಿಮಿಷ ಕಳೆದಿರಬಹುದು. ಗಂಟೆ ಬಾರಿಸಿತು, ಅವಳು ಎದ್ದು ಯಂತ್ರದ ಕಡೆ ಹೋದಳು.

ಎರಡು ದಿನಕ್ಕೆ ಚಿತ್ರ ಕಲ್ಲಿಗೇರಿತು. ಸಾಲು ಕಮಾನುಗಳು, ಅವುಗಳ ಬುಡದಲ್ಲಿ ಹೆಬ್ಬೆರಳ ಉಗುರಿನಷ್ಟು ಇಬ್ಬರು, ನಡುವೆ ಬಿಚ್ಚಿದ ಊಟದ ಗಂಟು. ಮಾದರಿಯ ಒಂದೇ ಒಂದು ಪ್ರತಿ ತೆಗೆದು ಪ್ರವಾಸದ ಕಚೇರಿಗೆ ಕಳಿಸಿದರು. ಒಪ್ಪಿಗೆ ಬರುವವರೆಗೆ ಕಲ್ಲು ಕಪಾಟಿನಲ್ಲಿ ನಿಂತಿತ್ತು. ಕಪಾಟು ಗುಡಿಸುವುದು ಆಂಪೇಲಿಯೊನ ಕೆಲಸವೇ. ಮೂರು ವಾರ ಆ ಕಪಾಟಿನಷ್ಟು ಸ್ವಚ್ಛವಾದ ಜಾಗ ಕಾರ್ಖಾನೆಯಲ್ಲಿ ಬೇರೆ ಇರಲಿಲ್ಲ. ಅವನ ಫೋಟೋವನ್ನು ಯಾರೂ ಯಾವತ್ತೂ ತೆಗೆದಿರಲಿಲ್ಲ. ಕಲ್ಲಿನ ಮೇಲಿದ್ದ ಆ ಗಂಡಸು ತಾನೇ ಎಂದು ಅವನಿಗೆ ನಂಬಿಕೆಯಾಗಲು ಕೆಲವು ದಿನ ಬೇಕಾಯಿತು. ಆಮೇಲೆ ಅವನು ಲೆಕ್ಕ ಹಾಕತೊಡಗಿದ: ಇದು ಅಚ್ಚಾಗಿ ಗೋಡೆಗೆ ಬಂದ ದಿನ ಒಂದು ಪ್ರತಿ ಹಿಡಿದು ಹೋಗಿ ಅವಳಿಗೆ ತೋರಿಸಬೇಕು, ಆಗ ಹೇಳಬೇಕಾದ್ದನ್ನು ಹೇಳಿಬಿಡಬೇಕು.

ಮಾರ್ಚಿನಲ್ಲಿ ಕಚೇರಿಯ ಕಾಗದ ಬಂತು. ಮೇಸ್ತ್ರಿ ಕಾನೇಪಾ ಎಲ್ಲರ ಮುಂದೆ ಓದಿದ.

"ಕೇಳ್ರಪ್ಪಾ. 'ಊಟದ ಗಂಟು ಬಿಚ್ಚಿ ಕೂತ ಬಡವರು ನಮ್ಮ ಇಟಲಿಗೆ ಶೋಭೆಯಲ್ಲ. ಅವರ ಬದಲು ಒಂದು ಮೋಟಾರು ಕಾರು ಇರಲಿ.' ಎವಾಸಿಯೊ ಮೇಷ್ಟ್ರೇ, ಇನ್ನೊಂದು ಕಲ್ಲಲ್ಲಿ ಹೊಸದಾಗಿ ಬರೀರಿ. ಲೇ ಆಂಪೇಲಿಯೊ, ಆ ಬಡವರನ್ನ ತೊಳೆದುಬಿಡು. ಕಲ್ಲು ಗುರುವಾರ ಬೇಕು."

ಯಾರೋ "ಆಂಪೇಲಿಯೊ, ನಿನ್ನ ಕುತ್ತಿಗೆ ನೀನೇ ಕುಯ್ಕೋಬೇಕಲ್ಲೋ!" ಎಂದರು. ಎಲ್ಲರೂ ನಕ್ಕರು. ಅವನೂ ನಕ್ಕ.

ಕಲ್ಲನ್ನು ಅಡಗಿಸುವಂತಿರಲಿಲ್ಲ, ಅಷ್ಟು ದೊಡ್ಡ ಪೋಸ್ಟರಿನ ಕಲ್ಲನ್ನು ಎತ್ತಲು ನಾಲ್ಕು ಜನ ಬೇಕು. ಬುಧವಾರ ನಾಲ್ವರು ಸೇರಿ ತೊಟ್ಟಿಯಲ್ಲಿ ಅದನ್ನು ಮಲಗಿಸಿದ ಮೇಲೆ ಅವನು ದಪ್ಪ ಮರಳು ಹಾಕಿದ. ಕಮಾನುಗಳು ಹೋದವು. ಇಬ್ಬರೂ ಮಸುಕಾದರು, ಬರೀ ನೆರಳಾದರು, ಕಣ್ಣಿಗೆ ಕಾಣದಾದರು. ಚಿತ್ರ ಕಾಣದಾದರೆ ಸಾಲದು, ಜಿಡ್ಡು ಕಲ್ಲಿನ ಒಳಕ್ಕೆ ಇಳಿದಿರುತ್ತದೆ, ಆಮೇಲೂ ಮರಳು ಬದಲಿಸಿ ತಿಕ್ಕಬೇಕು ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಉಳಿದ ಕಡೆಯೆಲ್ಲ ಹಾಗೇ ತಿಕ್ಕಿ, ಆ ಇಬ್ಬರಿದ್ದ ಜಾಗಕ್ಕೆ ಬಂದಾಗ ಮಾತ್ರ ಅವನು ಚಕ್ರವನ್ನು ಬದಿಗಿಟ್ಟ. ನಯವಾದ ಮರಳಿನಿಂದ ಮೇಲ್ಮೇಲೆ ಒಂದು ಸುತ್ತು ಹಾಕಿ ತೊಳೆದ. ಕಾಣದಿದ್ದರೂ ಇಬ್ಬರೂ ಒಳಗೆ ಕೂತಿರಲಿ ಎಂದಷ್ಟೇ ಅವನಿಗಿತ್ತು. ಕಲ್ಲು ಯಾವುದೋ ಡಬ್ಬಿಯ ಚೀಟಿಗೆ ಹೋಗುತ್ತದೆ, ಚೀಟಿಯ ಚಿತ್ರ ಮೂಲೆಯಲ್ಲಿ ಬರುತ್ತದೆ, ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡ.

ಕಲ್ಲು ಚೀಟಿಗೆ ಹೋಗಲಿಲ್ಲ. ಪೋಸ್ಟರಿನ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು ಬೇಕು, ಇದು ಕೊಲೋಸಿಯಂ ಪೋಸ್ಟರಿನ ಆಕಾಶಕ್ಕೆ ಹೋಯಿತು.

ಶನಿವಾರ ಯಂತ್ರದಲ್ಲಿ ಆ ತಿಳಿನೀಲಿ ಬಣ್ಣ ಓಡುತ್ತಿತ್ತು. ಆಂಪೇಲಿಯೊ ಬಾಗಿಲ ಹತ್ತಿರ ಖಾಲಿ ಬಂಡಿ ಹಿಡಿದು ನಿಂತಿದ್ದ. ಯಂತ್ರದ ಎತ್ತರದ ಮೆಟ್ಟಿಲ ಮೇಲೆ ನಿಂತು ಹಾಳೆ ಕೊಡುತ್ತಿದ್ದ ಒನೊರೀನಾ ಇದ್ದಕ್ಕಿದ್ದಂತೆ ಕೈ ಎತ್ತಿದಳು. "ನಿಲ್ಲಿಸಿ! ಮೇಸ್ತ್ರೀ, ಆಕಾಶದಲ್ಲಿ ಏನೋ ಇದೆ."

ಕಾನೇಪಾ ಹಾಳೆಯನ್ನು ಕಿಟಕಿಗೆ ಹಿಡಿದ. ಕೊಲೋಸಿಯಂನ ಎಡಗಡೆ, ಮೋಡವಿರಬೇಕಾದ ಕಡೆ, ಎರಡು ನೀಲಿ ನೆರಳು.

"ಇದ್ಯಾರೋ ದೇವದೂತರು, ಗಾಳೀಲಿ ಕೂತು ಊಟ ಮಾಡ್ತಿರೋರು?" ಎಂದ ಯಂತ್ರದವನೊಬ್ಬ. ಒಂದು ಕ್ಷಣ ಎಲ್ಲರೂ ನಕ್ಕರು. ಕಾನೇಪಾ ನಗಲಿಲ್ಲ. "ಆಂಪೇಲಿಯೊ! ಈ ಕಲ್ಲು ನಿನ್ನದು ತಾನೆ?"

"ಹೌದು. ನಂದೇ ತಪ್ಪು."

"ಇಪ್ಪತ್ತೊಂದು ವರ್ಷದಲ್ಲಿ ಇಲ್ದಿರೋ ತಪ್ಪು ಈಗ ಯಾಕೋ? ಕಣ್ಣು ಹೋಯ್ತಾ? ಇನ್ನೊಂದು ಸಲ ಹೀಗಾದ್ರೆ ನಿನ್ನ ಗಣಿಗೆ ವಾಪಸ್ ಕಳಿಸ್ತೀನಿ ನೋಡು. ಕಲ್ಲು ಇಳಿಸಿ."

ಆಂಪೇಲಿಯೊ ಒನೊರೀನಾಳ ಮುಖ ನೋಡಿದ. ಅವಳು ಹಾಳೆಗಳ ಅಂಚು ಸರಿಮಾಡುತ್ತಿದ್ದಳು, ತಲೆ ಎತ್ತಲಿಲ್ಲ. ಅವಳಿಗೆ ಗುರುತೇ ಸಿಕ್ಕಿಲ್ಲ ಎಂದು ಅವನಿಗೆ ಅನ್ನಿಸಿತು. ಬೈಸಿಕೊಂಡದ್ದಕ್ಕಿಂತ ಅದೇ ಅವನನ್ನು ಹೆಚ್ಚು ಕುಗ್ಗಿಸಿತು.

ಊಟದ ಹೊತ್ತಿಗೆ ಕಲ್ಲು ತೊಟ್ಟಿಯಲ್ಲಿತ್ತು. ಅವಳು ಬಂದಳು. ಈ ಸಲ ದಾರಿ ತಪ್ಪಿರಲಿಲ್ಲ.

"ಬೇಜಾರಾಯ್ತಾ?" ಎಂದಳು. "ನಾನು ನಿಲ್ಲಿಸಲೇಬೇಕಿತ್ತು. ಸಾವಿರಾರು ಹಾಳೆ ಹಾಳಾಗ್ತಿತ್ತು."

"ಸರಿಯಾಗೇ ಮಾಡಿದ್ರಿ."

"ಅದು ನಾವೇ ಅಂತ ಮೊದಲನೇ ಹಾಳೇಲೇ ಗೊತ್ತಾಯ್ತು ನನಗೆ. ಹತ್ತು ಹಾಳೆ ಬಿಟ್ಟೆ. ಆಮೇಲೆ ಕೈ ಎತ್ತಿದೆ." ಅವಳು ತೊಟ್ಟಿಯ ಅಂಚಿಗೆ ಬಂದಳು. "ತಪ್ಪಾಗಿದ್ದೋ, ಬೇಕು ಅಂತ ಮಾಡಿದ್ದೋ?"

ಅವನು ಕಲ್ಲಿನ ಮೇಲೆ ಆ ಇಬ್ಬರು ಕೂತಿದ್ದ ಜಾಗವನ್ನು ಅಂಗೈಯಿಂದ ಮುಚ್ಚಿದ.

"ಆಂಪೇಲಿಯೊ ಅವರೇ, ಈಸ್ಟರ್ ಆದ ಮೇಲೆ ನನ್ನ ಮದುವೆ. ಅವರು ಸವೋನಾದವರು, ರೈಲಲ್ಲಿ ಗಾರ್ಡು. ಈ ಪೋಸ್ಟರು ಅಂಟಿಸೋದು ಎಲ್ಲಿ ಹೇಳಿ? ಲಂಡನ್ನಲ್ಲಷ್ಟೇ ಅಲ್ಲ, ನಮ್ಮ ಸ್ಟೇಷನ್ನುಗಳಲ್ಲೂ. ದಿನಾ ಅದರ ಮುಂದೇನೆ ಓಡಾಡೋ ಮನುಷ್ಯ." ನಗಲು ನೋಡಿದಳು. "ಪೂರ್ತಿ ಅಳಿಸಿಬಿಡಿ. ನಾನು ಇದ್ದು ನೋಡಿ ಹೋಗ್ತೀನಿ. ನಂಬಿಕೆ ಇಲ್ಲ ಅಂತಲ್ಲ. ನೀವೊಬ್ಬರೇ ಮಾಡೋದು ಬೇಡ ಅಂತ."

ಅವನು ಚಕ್ರ ಹಿಡಿದ. ಅವಳು ಶಾಲನ್ನು ಸೊಂಟಕ್ಕೆ ಕಟ್ಟಿ, ಅವನು ಹೇಳಿದ ಹಾಗೆ ಮರಳು ಉದುರಿಸಿ, ತಂಬಿಗೆಯಿಂದ ನೀರು ಹಾಕಿದಳು. ಕೊಲೋಸಿಯಂನ ಆಕಾಶ ಮೊದಲು ಹೋಯಿತು. ಅವಳ ಕೈಗೂ ಬೂದು ಕೆಸರು ಮೆತ್ತಿತು. ಮೂರು ಸಲ ಮರಳು ಬದಲಿಸಿದರು. ಬಹಳ ಹೊತ್ತಿನ ಮೇಲೆ ಅವನು ಕೇಳಿದ:

"ಆವತ್ತು ಪೆಟ್ಟಿಗೆ ಮೇಲೆ ಕೂತಾಗ ಏನು ಯೋಚನೆ ಮಾಡ್ತಿದ್ರಿ?"

"ಆವತ್ತಾ? ಚಳಿ ಅಂತ." ಅವಳು ನೀರು ಹಾಕಿದಳು. "ಪಕ್ಕದಲ್ಲಿ ಯಾರಾದ್ರೂ ಇದ್ರೆ ಚಳಿ ಅಷ್ಟು ಗೊತ್ತಾಗಲ್ಲ ಅಂತ. ನೀವು?"

"ಆ ರೊಟ್ಟಿ ತಿನ್ನಬೇಕೋ ಇಟ್ಕೋಬೇಕೋ ಅಂತ."

ಅವಳು ಜೋರಾಗಿ ನಕ್ಕುಬಿಟ್ಟಳು, ನಗುನಗುತ್ತಲೇ ಮುಂಗೈಯಿಂದ ಕಣ್ಣೊರೆಸಿಕೊಂಡಳು. ಗಂಟೆ ಬಾರಿಸಿತು. ಆಂಪೇಲಿಯೊ ಕಲ್ಲಿನ ಮೇಲೆ ಕೊನೆಯ ನೀರು ಸುರಿದ. ಅಲ್ಲಿ ಏನೂ ಉಳಿದಿರಲಿಲ್ಲ, ಮೇಲೂ ಇಲ್ಲ, ಒಳಗೂ ಇಲ್ಲ. ಅವಳು ಕೈ ತೊಳೆದುಕೊಂಡು ಯಂತ್ರದ ಕಡೆ ನಡೆದಳು. ಏಪ್ರಿಲ್ ಕೊನೆಗೆ ಕೆಲಸ ಬಿಟ್ಟು ಸವೋನಾಕ್ಕೆ ಹೋದಳು. ಹೋಗುವ ದಿನ ಎಲ್ಲರಿಗೂ ಕೊಟ್ಟಂತೆ ಅವನಿಗೂ ಒಂದು ಪೊಟ್ಟಣ ಮದುವೆಯ ಬಾದಾಮಿ ಮಿಠಾಯಿ ಕೊಟ್ಟಳು.

ಅದಾದ ಹತ್ತು ವರ್ಷಕ್ಕೆ ಕಾರ್ಖಾನೆಗೆ ಸತುವಿನ ತಗಡುಗಳು ಬಂದವು, ಕಲ್ಲುಗಳ ಕಾಲ ಮುಗಿಯಿತು. ಆಂಪೇಲಿಯೊ ಈಗಲೂ ಅಲ್ಲೇ ಇದ್ದಾನೆ. ತಗಡಿಗೆ ಮರಳು ಹಿಡಿಸುವ ಯಂತ್ರವನ್ನು ನೋಡಿಕೊಳ್ಳುತ್ತಾನೆ. ಬೆಳಿಗ್ಗೆ ಏಳಕ್ಕೆ ಹೋಗುತ್ತಾನೆ, ಮಧ್ಯಾಹ್ನ ಅಂಗಳದಲ್ಲಿ ಒಬ್ಬನೇ ಕೂತು ಉಣ್ಣುತ್ತಾನೆ, ಐದಕ್ಕೆ ಯಂತ್ರ ಒರೆಸಿ ಮನೆಗೆ ಬರುತ್ತಾನೆ.