ಕಾಲು ಮರಳಿ ಬರುವವರೆಗೆ

ನನ್ನ ಮೊದಲ ಹೆರಿಗೆಯಲ್ಲಿ ಕೂಸು ಹೊಟ್ಟೆಯೊಳಗೆ ಅಡ್ಡ ಮಲಗಿತ್ತು. ಕೊಣ್ಣೂರಿನ ನಮ್ಮ ಮನೆಯಲ್ಲಿ ಸೂಲಗಿತ್ತಿ ನಸುಕಿನಿಂದ ಹೊಟ್ಟೆ ನೀವಿ ನೀವಿ ನೋಡಿ, ಕೊನೆಗೆ ಕೈ ತೊಳೆದುಕೊಂಡು ಎದ್ದುಬಿಟ್ಟಳು. "ನನ್ನ ಕೈಲೆ ಆಗಂಗಿಲ್ರಿ. ಗೋಕಾಕಕ್ಕ ಕರ್ಕೊಂಡು ಹೋಗ್ರಿ," ಎಂದಳು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ಗಂಡ ಹುಕ್ಕೇರಿಯ ಕಚೇರಿಯಲ್ಲಿ ಕಾರಕೂನರು. ಅಲ್ಲೇ ಕೋಣೆ ಮಾಡಿಕೊಂಡಿದ್ದರು. ಅವರಿಗೆ ಸುದ್ದಿ ಮುಟ್ಟಿಸಲು ಮೈದುನ ಬಸ್ಸು ಹಿಡಿದ. ಬಾಜೂ ಮನೆಯ ಕಾಕಾ ಚಕ್ಕಡಿ ಹೂಡಿದರು. ಅತ್ತೆ ಹುಲ್ಲಿನ ಮೇಲೆ ಕೌದಿ ಹಾಸಿ ನನ್ನನ್ನು ಮಲಗಿಸಿಕೊಂಡರು.

ದವಾಖಾನೆಯಲ್ಲಿ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿದವರೇ ಹೇಳಿದರು: "ಹೊಟ್ಟಿ ಕೊಯ್ದು ತಗೀಬೇಕು. ಬೆನ್ನಾಗ ಒಂದು ಸೂಜಿ ಕೊಡ್ತೇನಿ. ಎದಿಯಿಂದ ಕೆಳಗ ನೋವು ಗೊತ್ತಾಗಂಗಿಲ್ಲ, ಎಚ್ಚರ ಮಾತ್ರ ಇರತೈತಿ."

ಅತ್ತೆ ನನಗೆ ಅಡ್ಡ ನಿಂತರು. "ಬ್ಯಾಡ್ರಿ ಸಾಹೇಬ್ರ! ಬೆನ್ನಾಗ ಚುಚ್ಚಿದ್ರ ಕಾಲ ಹೋಗ್ತಾವಂತ. ಪೂರಾ ನಿದ್ದಿ ಬರೋ ಔಷಧ ಕೊಡ್ರಿ."

"ದಾರ್ಯಾಗ ಏನರ ತಿನಿಸೀರೇನು?"

"ಶಕ್ತಿ ಬರಲಿ ಅಂತ ಗಂಜಿ ಕುಡಿಸೇನ್ರಿ."

"ಹಂಗಾರ ನಿದ್ದಿ ಬ್ಯಾಡ. ಕುಡದದ್ದು ವಾಂತಿಯಾಗಿ ಉಸಿರಿನ್ಯಾಗ ಹೋದ್ರ ಜೀವಕ್ಕ ಕುತ್ತು. ಹೊತ್ತು ಇಲ್ಲ, ಯಾರರ ಹೂಂ ಅನ್ರಿ."

"ನನ್ನ ಮಗ ಬರೂತನಕ ತಡೀರಿ," ಎಂದು ಅತ್ತೆ ಅಂಗಲಾಚಿದರು. ಅವರ ಮುಂದೆ ನಾನು ದನಿ ಎತ್ತಿದವಳಲ್ಲ. ಆದರೆ ಹೊಟ್ಟೆಯಲ್ಲಿ ಕೂಸಿನ ಮಿಸುಕಾಟ ಕಡಿಮೆಯಾಗುತ್ತಿರುವುದು ನನಗೊಬ್ಬಳಿಗೇ ತಿಳಿಯುತ್ತಿತ್ತು. "ಕೊಡ್ರಿ," ಎಂದೆ.

ನರ್ಸಬಾಯಿ ನನ್ನನ್ನು ಮಗ್ಗುಲಿಗೆ ಹೊರಳಿಸಿ, ಮೊಣಕಾಲು ಹೊಟ್ಟೆಗೆ ತಾಗುವಂತೆ ಮಡಿಸಿ ಗಟ್ಟಿಯಾಗಿ ಹಿಡಿದರು. ಬೆನ್ನಿಗೆ ತಣ್ಣನೆಯ ಸ್ಪಿರಿಟ್, ಆಮೇಲೆ ಸೂಜಿ. ಅಲುಗಿದರೆ ಎಲ್ಲ ಕೆಡುತ್ತದೆಂದು ಉಸಿರು ಬಿಗಿಹಿಡಿದೆ. ಕಾಲುಗಳಲ್ಲಿ ಬಿಸಿ ಹರಿದು, ಹಿಂದೆಯೇ ಭಾರವಾಗಿ, ಅವು ಇಲ್ಲವೇ ಇಲ್ಲವಾದವು. ಹೆರಿಗೆ ಬೇನೆಯೂ ನಿಂತುಹೋಯಿತು. ಆ ನಿಶ್ಶಬ್ದಕ್ಕೇ ನಾನು ಹೆಚ್ಚು ಹೆದರಿದೆ. ಚೀಲದೊಳಗೆ ಕೈ ಹಾಕಿ ಏನೋ ತಡಕಾಡಿದಂತೆ ಜಗ್ಗಾಟ ಮಾತ್ರ ಗೊತ್ತಾಗುತ್ತಿತ್ತು. ಕೂಸು ಹೊರಬಂದರೂ ಅಳಲಿಲ್ಲ. ಯಾರೋ ಅದರ ಅಂಗಾಲಿಗೆ ತಟ್ಟಿದರು, ಮತ್ತೆ ತಟ್ಟಿದರು. ಕೊನೆಗೊಮ್ಮೆ ಸಣ್ಣಗೆ ಕಿರುಚಿತು. ಹೆಣ್ಣು.

ವಾರ್ಡಿನಲ್ಲಿ ತಲೆದಿಂಬಿಲ್ಲದೆ ಮಲಗಿಸಿ, ತಲೆ ಎತ್ತಬಾರದೆಂದು ಹೇಳಿ ಹೋದರು. ನಾನು ತೊಡೆ ಮುಟ್ಟಿಕೊಂಡೆ. ಕೈಗೆ ತೊಡೆ ಗೊತ್ತಾಯಿತು, ತೊಡೆಗೆ ಕೈ ಗೊತ್ತಾಗಲಿಲ್ಲ. ಅತ್ತೆ ಕಾಲ ಬೆರಳು ಹಿಡಿದು ಜಿಗುಟಿದರು.

"ಗೊತ್ತಾತೇನು?"

"ಇಲ್ರಿ."

ಸ್ವಲ್ಪ ಹೊತ್ತಿಗೆ ಮತ್ತೆ ಜಿಗುಟಿದರು, ಮತ್ತೆ ಕೇಳಿದರು. "ಬರ್ತಾವ, ಗಾಬರಿ ಆಗಬ್ಯಾಡ್ರಿ," ಎನ್ನುತ್ತಾ ನರ್ಸಬಾಯಿ ದಾಟಿಹೋದರು. ನನಗೆ ಸಮಾಧಾನವಾಗಲಿಲ್ಲ. ಕುಕ್ಕರಗಾಲಲ್ಲಿ ಕೂತು ರೊಟ್ಟಿ ಬಡಿಯುವುದು ಹೇಗೆ, ಹೊಳೆಯಿಂದ ನೀರು ತರುವುದು ಹೇಗೆ, ಎದ್ದು ನಡೆಯದ ಹೆಂಡತಿಯನ್ನು ಗಂಡ ಎಷ್ಟು ದಿನ ಇಟ್ಟುಕೊಂಡಾನು ಎಂದೆಲ್ಲ ಯೋಚಿಸಿ ಕಣ್ಣೀರು ಕಿವಿಗಿಳಿಯಿತು.

ನಾನೇ ಹೂಂ ಅಂದದ್ದಕ್ಕೆ ಅತ್ತೆ ಬಯ್ಯುತ್ತಾರೆಂದು ಕಾಯುತ್ತಿದ್ದೆ. ಅವರು ಸೆರಗಿನಿಂದ ನನ್ನ ಕಿವಿ ಒರೆಸಿದರು. "ಅಳಬ್ಯಾಡ ಯವ್ವಾ. ಕಾಲ ಬರಲಿಲ್ಲಂದ್ರ ನಾ ಹೊತ್ಗೊಂಡು ತಿರಗತೇನಿ," ಎಂದರು.

ಹೊತ್ತು ಇಳಿಯುವಾಗ ಎಡಗಾಲಿನ ಅಂಗಾಲಲ್ಲಿ ಇರುವೆ ಹರಿದಂತಾಯಿತು. ಅತ್ತೆ ಜಿಗುಟಿದ್ದು ಈ ಸಲ ಚುರುಕ್ಕೆಂದಿತು. ನಾನು "ಅಯ್ಯೋ!" ಎಂದು ಚೀರಿದಾಗ ಅವರು ಗೊಳ್ಳನೆ ನಕ್ಕುಬಿಟ್ಟರು. ಹಿಂದೆಯೇ ಹೊಟ್ಟೆಯ ಗಾಯದ ಉರಿಯೂ ಎದ್ದಿತು. ಹಲ್ಲು ಕಚ್ಚಿ ತಡೆದುಕೊಂಡೆ.

ಸಂಜೆ ಗಂಡ ಧೂಳು ಮೆತ್ತಿದ ಮುಖದಲ್ಲಿ ಓಡಿಬಂದರು. ನೇರ ಕೂಸಿನ ಕಡೆ ಹೋಗುತ್ತಿದ್ದವರನ್ನು ಅತ್ತೆ ರಟ್ಟೆ ಹಿಡಿದು ನಿಲ್ಲಿಸಿ, ನನ್ನ ಹೊದಿಕೆಯ ತುದಿ ಎತ್ತಿದರು.

"ಕೂಸಿನ್ನ ಆಮ್ಯಾಲೆ ನೋಡು. ಮೊದಲ ಇಕಿ ಕಾಲ ನೋಡು, ಹೆಂಗ ಅಲಗ್ಯಾಡಾಕತ್ತಾವು!"